ಕ್ವಾಲಿಟಿ ಎಂಜಿನಿಯರ್ ಆಗಿದ್ದೆ, ಈಗ ಸಿಇಒ. ಯಾವ ಅಭ್ಯಾಸ ಬಿಡಬೇಕು, ಯಾವುದು ಹಿಡಿಯಬೇಕು?

ಕುಂದಾನಗರಿಯವಳು

ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಬೆಳಗಾವಿಯ ಉದ್ಯಮಬಾಗ್‌ನ ಒಂದು ಫೌಂಡ್ರಿಯಲ್ಲಿದ್ದೇನೆ, ಅಂದರೆ ಲೋಹ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುವ ಕಾರ್ಖಾನೆ. ಪಂಪು, ವಾಲ್ವುಗಳ ಕ್ಯಾಸ್ಟಿಂಗ್ (ಎರಕದ ಭಾಗ) ನಮ್ಮ ಕೆಲಸ. 14 ವರ್ಷ ಕ್ವಾಲಿಟಿಯಲ್ಲಿದ್ದೆ. ಮಾಲೀಕರಿಗೆ 70 ದಾಟಿದೆ, ಮಕ್ಕಳು ಹೊರದೇಶದಲ್ಲಿದ್ದಾರೆ. ಏಳು ತಿಂಗಳ ಹಿಂದೆ ನನ್ನನ್ನು ಕರೆದು, ‘ಇನ್ನು ನೀನೇ ನೋಡಿಕೊ’ ಅಂದರು. ಕಾರ್ಡಿನ ಮೇಲೆ ಸಿಇಒ ಅಂತ ಬಂತು. ಈಗ 160 ಜನರ ಜವಾಬ್ದಾರಿ ನನ್ನದು.

ಆವತ್ತಿನಿಂದ ನನ್ನ ದಿನ ಹೀಗಿದೆ. ಬೆಳಿಗ್ಗೆ ಏಳಕ್ಕೆ ಅಚ್ಚು ಮಾಡುವ ಮೋಲ್ಡಿಂಗ್ ಶಾಪ್‌ಗೆ ಹೋಗುತ್ತೇನೆ. ಮರಳನ್ನು ಮುಷ್ಟಿಯಲ್ಲಿ ಒತ್ತಿ ನೋಡುತ್ತೇನೆ. ತೇವ ಜಾಸ್ತಿ ಅನ್ನಿಸಿದರೆ ಅಲ್ಲೇ ಹೇಳುತ್ತೇನೆ. ಆಮೇಲೆ ಫೋನ್ ಶುರು. ಮರಳಿಗೆ ಬೆರೆಸುವ ಬೆಂಟೊನೈಟ್ ಮಣ್ಣಿನ ಲಾರಿ ಬಂದಿಲ್ಲ, ಏನು ಮಾಡೋಣ ಮೇಡಂ? ಫರ್ನೆಸ್ ಹುಡುಗನಿಗೆ ಎರಡು ದಿನ ರಜೆ ಬೇಕಂತೆ, ಕೊಡಲಾ ಮೇಡಂ? ಈ ಕ್ಯಾಸ್ಟಿಂಗ್ ಪಾಸ್ ಮಾಡಲಾ ಮೇಡಂ? ರಾತ್ರಿ ಒಂಬತ್ತಕ್ಕೆ ಮನೆ ಸೇರುತ್ತೇನೆ. ಮುಂದಿನ ವರ್ಷ ಯಾವ ಗ್ರಾಹಕರು ಉಳಿಯುತ್ತಾರೆ, ಹೊಸ ಮೋಲ್ಡಿಂಗ್ ಮಶಿನ್ ಬೇಕಾ ಬೇಡ್ವಾ, ಇದನ್ನೆಲ್ಲ ಯೋಚಿಸಲು ಒಂದು ಗಂಟೆಯೂ ಸಿಗುವುದಿಲ್ಲ.

ಯಾರನ್ನು ಕೇಳಿದರೂ ಒಂದೇ ಮಾತು. ಬೆಳಿಗ್ಗೆ ಐದಕ್ಕೆ ಏಳು, ಧ್ಯಾನ ಮಾಡು, ಡೈರಿ ಬರಿ. ಆರು ವಾರ ನಾಲ್ಕೂವರೆಗೆ ಎದ್ದೆ. ನಿದ್ದೆ ಕಡಿಮೆ ಆಯಿತು, ಮಧ್ಯಾಹ್ನ ಜನರ ಮೇಲೆ ರೇಗತೊಡಗಿದೆ. ರಿಜೆಕ್ಷನ್, ಅಂದರೆ ಕೆಟ್ಟುಹೋಗುವ ಮಾಲು, ಮಾತ್ರ ಹಾಗೇ ಇದೆ.

ದೊಡ್ಡ ಸಂಸ್ಥೆ ನಡೆಸಿದವರು ನಿಜವಾಗಿ ಏನು ಮಾಡುತ್ತಿದ್ದರು? ಗೊತ್ತಿದ್ದವರು ಹೇಳಿ.

ಉಡುಪಿ ರಥಬೀದಿ

ನಾನು ಬ್ಯಾಂಕಿನಲ್ಲಿ 34 ವರ್ಷ ಇದ್ದು ನಿವೃತ್ತನಾದವನು. ಅಭ್ಯಾಸ ಅಂದ ಕೂಡಲೇ ನನಗೆ ನೆನಪಾಗುವುದು ಪಿಗ್ಮಿ, ದಿನಾ ಚೂರು ಚೂರು ಉಳಿಸುವ ಬ್ಯಾಂಕ್ ಠೇವಣಿ.

1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಶುರು ಮಾಡಿತು. ಆಗ ಬ್ಯಾಂಕಿಗೆ ಬೇರೆ ಹೆಸರಿತ್ತು. ಬ್ಯಾಂಕ್ ಕಟ್ಟಿದವರಲ್ಲಿ ಒಬ್ಬರಾದ ಟಿ.ಎಂ.ಎ. ಪೈ ಅವರು ವೃತ್ತಿಯಲ್ಲಿ ಡಾಕ್ಟರು. ದಿನಗೂಲಿಯವರ, ಸಣ್ಣ ಅಂಗಡಿಯವರ ಕಷ್ಟ ಹತ್ತಿರದಿಂದ ನೋಡಿದ್ದರು. ದಿನಕ್ಕೆ ಎರಡಾಣೆ ಉಳಿಸಿ ಅಂತ ಅವರು ಬರೀ ಉಪದೇಶ ಮಾಡಲಿಲ್ಲ. ಏಜೆಂಟರನ್ನು ಮನೆ ಬಾಗಿಲಿಗೇ ಕಳಿಸಿದರು. ದಿನಾ ಒಬ್ಬರು ಬಂದು ನಿಲ್ಲುತ್ತಾರೆ, ನೀವು ಕೊಡುತ್ತೀರಿ. ಯಾರ ಮನೋಬಲವನ್ನೂ ನಂಬಿ ಮಾಡಿದ ಯೋಜನೆ ಅಲ್ಲ ಅದು. ಅದಕ್ಕೇ ಅಷ್ಟು ವರ್ಷ ನಡೆಯಿತು.

ನಿಮಗೂ ಒಬ್ಬ ಪಿಗ್ಮಿ ಏಜೆಂಟ್ ಬೇಕು ತಂಗಿ. ಸಂಜೆ ಐದಕ್ಕೆ ಒಬ್ಬರು ಬಂದು, ‘ಇವತ್ತು ಮುಂದಿನ ವರ್ಷದ ಬಗ್ಗೆ ಏನು ಯೋಚಿಸಿದಿರಿ ಮೇಡಂ?’ ಅಂತ ಕೇಳಲಿ. ಅಕೌಂಟೆಂಟ್ ಆದರೂ ಸರಿ, ಹೊರಗಿನವರಾದರೂ ಸರಿ. ಒಬ್ಬರೇ ಎದ್ದು ಕೂತು ಡೈರಿ ಬರೆಯುವುದು ಎರಡು ತಿಂಗಳೂ ನಿಲ್ಲುವುದಿಲ್ಲ. ಶಾಖೆಯಲ್ಲಿ ನಾನು ಪ್ರಯತ್ನಿಸಿ ನೋಡಿದ್ದೇನೆ.

ಹೊಸಬ

ಮೇಡಂ ಈಗಾಗಲೇ ದಿನಕ್ಕೆ 14 ಗಂಟೆ ಕೆಲಸ ಮಾಡುತ್ತಿದ್ದಾರೆ. 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಆರಂಭದಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷರ 90 ಗಂಟೆ ಮಾತು ಬಂತು. ಮೇಲಿನ ಕುರ್ಚಿ ಬೇಕು ಅಂದರೆ ಮನೆ, ಮಕ್ಕಳು, ಆರೋಗ್ಯ ಎಲ್ಲ ಬಿಡಲೇಬೇಕಾ? ನಾನು ಟೀಮ್ ಲೀಡ್ ಆಗಿ ಮೂರು ತಿಂಗಳಾಯಿತು. ಈ ಪ್ರಶ್ನೆ ನನಗೂ ದಿನಾ ಕಾಡುತ್ತದೆ.

ಲಿಫೀ ದಂಡೆ

ಹೊಸಬ ಅವರೇ, ಇದಕ್ಕೆ ಅಳತೆ ಹಿಡಿದು ನೋಡಿದವರಿದ್ದಾರೆ. ಹಾರ್ವರ್ಡ್‌ನ ಮೈಕೆಲ್ ಪೋರ್ಟರ್ ಮತ್ತು ನಿತಿನ್ ನೊಹ್ರಿಯಾ 27 ಸಿಇಒಗಳ ದಿನಚರಿಯನ್ನು 13 ವಾರ ದಾಖಲು ಮಾಡಿಸಿದರು. 2018ರಲ್ಲಿ ಅದು ಪ್ರಕಟವಾಯಿತು. ವಾರಕ್ಕೆ ಸರಾಸರಿ 62.5 ಗಂಟೆ ಕೆಲಸ. ರಾತ್ರಿ ಸುಮಾರು 6.9 ಗಂಟೆ ನಿದ್ದೆ. ದಿನಕ್ಕೆ ಮುಕ್ಕಾಲು ಗಂಟೆಯಷ್ಟು ವ್ಯಾಯಾಮ. ಅಂದರೆ ದುಡಿಮೆ ಕಡಿಮೆಯೇನಲ್ಲ, ಆದರೆ ಒಟ್ಟಾರೆ ನೋಡಿದರೆ ನಿದ್ದೆ ಬಿಟ್ಟು ಸಾಧಿಸಿದವರಲ್ಲ.

ನನಗೆ ಅದರಲ್ಲಿ ಬಡಿದದ್ದು ಬೇರೆ ಅಂಕಿ. ಕೆಲಸದ ಸಮಯದ 72% ಮೀಟಿಂಗ್‌ಗಳಲ್ಲೇ ಹೋಗುತ್ತಿತ್ತು. ಗ್ರಾಹಕರ ಜೊತೆ ಕಳೆದದ್ದು ಬರೀ 3%. ಅದನ್ನು ಓದಿದ ವಾರ ನನ್ನ ಕ್ಯಾಲೆಂಡರ್ ತೆಗೆದು ಪೆನ್ನು ಹಿಡಿದು ಎಣಿಸಿದೆ. ನಾನು ಡಬ್ಲಿನ್‌ನಲ್ಲಿ 60 ಜನರ ಸಾಫ್ಟ್‌ವೇರ್ ತಂಡ ನೋಡಿಕೊಳ್ಳುತ್ತೇನೆ. ನಾಲ್ಕು ವಾರದಲ್ಲಿ ಒಬ್ಬ ಗ್ರಾಹಕನ ಜೊತೆಗೂ ಮಾತಾಡಿರಲಿಲ್ಲ. ನಾನು ತುಂಬಾ ಬ್ಯುಸಿ ಅಂತ ಮನೆಯಲ್ಲಿ ಹೇಳುತ್ತಿದ್ದೆ.

ಕುಂದಾನಗರಿ ಅವರೇ, ಮೊದಲು ಎರಡು ವಾರ ಬರೆದಿಡಿ. ಒಂದು ಫೋನ್ ಬಂತು ಅಂದರೆ ಯಾರದು, ಯಾವುದಕ್ಕೆ, ಆ ನಿರ್ಧಾರ ನೀವೇ ಮಾಡಬೇಕಿತ್ತಾ. ಮೂರೇ ಕಾಲಂ ಸಾಕು.

ಪೀಣ್ಯ ಎರಡನೇ ಹಂತ

ನಮ್ಮ ವರ್ಕ್‌ಶಾಪ್ ಇಸ್ರೊಗೆ ಬಿಡಿಭಾಗ ಮಾಡಿಕೊಡುತ್ತಿತ್ತು. ಆರ್ಯಭಟ ಉಪಗ್ರಹ ತಯಾರಾದ ಪೀಣ್ಯದ ಶೆಡ್‌ಗಳು ನಮ್ಮಿಂದ ದೂರ ಇರಲಿಲ್ಲ. ಹಾಗಾಗಿ ಇಸ್ರೊ ನಡೆಸಿದವರ ವಿಷಯ ನನಗೆ ಮನೆಯ ಮಾತಿದ್ದ ಹಾಗೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

1979ರ ಆಗಸ್ಟ್ 10. ಎಸ್‌ಎಲ್‌ವಿ-3 ರಾಕೆಟ್‌ನ ಮೊದಲ ಹಾರಾಟ. ಯೋಜನೆಯ ಮುಖ್ಯಸ್ಥರು ಕಲಾಂ. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಆಮ್ಲ ಸೋರಿಹೋಗಿತ್ತು. ಕೆಲವೇ ನಿಮಿಷಗಳಲ್ಲಿ ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಇಸ್ರೊ ಅಧ್ಯಕ್ಷ ಸತೀಶ್ ಧವನ್ ಪತ್ರಕರ್ತರ ಮುಂದೆ ತಾವೇ ಹೋಗಿ ಕೂತರು. ಸೋಲಿನ ಹೊಣೆ ತಾವೇ ಹೊತ್ತರು. ಮುಂದಿನ ವರ್ಷ ಜುಲೈ 18ಕ್ಕೆ ಅದೇ ಮಾದರಿಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆವತ್ತು ಧವನ್, ಪತ್ರಕರ್ತರ ಹತ್ತಿರ ನೀವು ಹೋಗಿ ಅಂತ ಕಲಾಂ ಅವರನ್ನು ಕಳಿಸಿದರು.

ಈ ಕಥೆ ಎಲ್ಲರಿಗೂ ಗೊತ್ತು, ಕಲಾಂ ಅವರೇ ಎಷ್ಟೋ ಸಲ ಹೇಳಿದ್ದಾರೆ. ಆದರೆ ಎಲ್ಲರೂ ಬಿಟ್ಟುಬಿಡುವ ಒಂದು ಮಾತಿದೆ. ಆ ಎರಡು ದಿನಗಳ ನಡುವೆ 11 ತಿಂಗಳು ಇತ್ತು. ಅಷ್ಟೂ ದಿನ ಕಲಾಂ ಕೈಯಿಂದ ಯೋಜನೆಯನ್ನು ಧವನ್ ಕಿತ್ತುಕೊಳ್ಳಲಿಲ್ಲ. ಧವನ್ ಸ್ವತಃ ದೊಡ್ಡ ಏರೊನಾಟಿಕ್ಸ್ ವಿಜ್ಞಾನಿ. ಬೆಂಗಳೂರಿನ ಐಐಎಸ್‌ಸಿಗೆ ನಿರ್ದೇಶಕರಾಗಿದ್ದುಕೊಂಡೇ ಇಸ್ರೊ ನಡೆಸುತ್ತಿದ್ದವರು. ‘ಬಿಡು, ನಾನೇ ನೋಡುತ್ತೇನೆ’ ಅನ್ನುವ ವಿದ್ಯೆ ಅವರಿಗಿತ್ತು. ಆದರೂ ಅನ್ನಲಿಲ್ಲ. ನನ್ನ ಪ್ರಕಾರ ಪ್ರೆಸ್ ಮುಂದೆ ಕೂತದ್ದಕ್ಕಿಂತ ಇದು ಕಷ್ಟದ ಕೆಲಸ.

ಇನ್ನೊಬ್ಬರು ನಮ್ಮ ಅದಮಾರಿನ ಯು.ಆರ್. ರಾವ್. ಆರ್ಯಭಟ ತಂಡವನ್ನು ಕಟ್ಟಿದವರು. 1984ರಲ್ಲಿ ಇಸ್ರೊ ಅಧ್ಯಕ್ಷರಾದರು. 1987ರಲ್ಲಿ ಎಎಸ್‌ಎಲ್‌ವಿ ರಾಕೆಟ್ ಬಿತ್ತು. 1988ರಲ್ಲಿ ಎರಡನೆಯದೂ ಬಿತ್ತು. 1993ರ ಸೆಪ್ಟೆಂಬರ್‌ನಲ್ಲಿ ಪಿಎಸ್‌ಎಲ್‌ವಿ ರಾಕೆಟ್‌ನ ಮೊದಲ ಹಾರಾಟವೂ ಸೋತಿತು. ಬೇರೆ ಯಾರಾದರೂ ಆಗಿದ್ದರೆ ಸುಮ್ನೆ ಚಿಕ್ಕ ಗುರಿ ಇಟ್ಟುಕೊಂಡು ಮರ್ಯಾದೆ ಉಳಿಸಿಕೊಳ್ಳುತ್ತಿದ್ದರೋ ಏನೋ. ರಾವ್ ಪಿಎಸ್‌ಎಲ್‌ವಿ ಬಿಡಲಿಲ್ಲ. 1994ರ ಅಕ್ಟೋಬರ್ 15ಕ್ಕೆ ಅದು ಗೆದ್ದಿತು. ಅಷ್ಟರಲ್ಲಿ ರಾವ್ ನಿವೃತ್ತರಾಗಿದ್ದರು, ಅಧ್ಯಕ್ಷರ ಕುರ್ಚಿಯಲ್ಲಿ ಕಸ್ತೂರಿರಂಗನ್ ಇದ್ದರು. ಮುಂದೆ 2008ರಲ್ಲಿ ಚಂದ್ರಯಾನ, 2013ರಲ್ಲಿ ಮಂಗಳಯಾನ ಹೋದದ್ದು ಇದೇ ಪಿಎಸ್‌ಎಲ್‌ವಿ ಮೇಲೆ.

ಮೇಡಂ, ನೀವು ಬೆಳಿಗ್ಗೆ ಮರಳು ಒತ್ತಿ ನೋಡುತ್ತೇನೆ ಅಂದಿರಿ. ಅಲ್ಲಿ ಮೋಲ್ಡಿಂಗ್ ಸೂಪರ್‌ವೈಸರ್ ಇಲ್ವಾ?

ಕುಂದಾನಗರಿಯವಳು

ಇದ್ದಾರೆ ಸರ್. ಒಂಬತ್ತು ವರ್ಷದಿಂದ ಇದ್ದಾರೆ. ಒಳ್ಳೆಯ ಕೆಲಸಗಾರ. ನೀವು ಕೇಳಿದ ಮೇಲೆ ರಾತ್ರಿ ಇದನ್ನೇ ಯೋಚಿಸಿದೆ. ನಾನು ಬಂದು ಮುಷ್ಟಿ ಒತ್ತುವವರೆಗೆ ಅವರು ಮರಳು ಮುಟ್ಟುವುದೇ ಇಲ್ಲ. ಮೊದಲು ಮುಟ್ಟುತ್ತಿದ್ದರು.

ಆದರೆ ನನ್ನ ಭಯವೂ ಸುಳ್ಳಲ್ಲ. ನಮ್ಮಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಮರಳಿನಲ್ಲಿ ತೇವ ಒಂದು ಚೂರು ಏರಿದರೆ ಕ್ಯಾಸ್ಟಿಂಗ್ ತುಂಬಾ ಬ್ಲೋ ಹೋಲ್, ಗಾಳಿ ತೂತುಗಳು. ಒಂದು ಶಿಫ್ಟಿನ ಮಾಲು ಪೂರ್ತಿ ಸ್ಕ್ರಾಪ್‌ಗೆ ಹೋದದ್ದು ನೋಡಿದ್ದೇನೆ. ರಾಕೆಟ್ ಬಿದ್ದರೆ ಸರ್ಕಾರ ಇದೆ. ನಮಗೆ ಇಬ್ಬರು ದೊಡ್ಡ ಗ್ರಾಹಕರು, ಅಷ್ಟೇ. ಬಿಟ್ಟುಕೊಡು ಅನ್ನುವುದು ಸುಲಭ. ಹೇಗೆ ಬಿಡುವುದು?

ತುಂಗಾ ತೀರ

ನಾನೂ ಫೌಂಡ್ರಿಯವನೇ, ಶಿವಮೊಗ್ಗ. ನಿಮಗಿಂತ ಸಣ್ಣದು, 45 ಜನ. ಇದಕ್ಕೆ ನಾನೇ ಉತ್ತರ ಕೊಡಬೇಕು.

ಎಂಟು ವರ್ಷದ ಹಿಂದೆ ನಾನು ನಿಮ್ಮ ಹಾಗೇ ಇದ್ದೆ. ಅಚ್ಚಿನ ಪ್ಯಾಟರ್ನ್‌ನಿಂದ ಹಿಡಿದು ಗೇಟ್ ಪಾಸ್‌ವರೆಗೆ ಎಲ್ಲಕ್ಕೂ ನನ್ನ ಸಹಿ. ಒಬ್ಬ ಬಹಳ ಒಳ್ಳೆಯ ಸೂಪರ್‌ವೈಸರ್ ಇದ್ದ. ಕೆಲಸ ಬಿಡುತ್ತೇನೆ ಅಂದ. ಸಂಬಳ ಜಾಸ್ತಿ ಮಾಡುತ್ತೇನೆ ಅಂದೆ. ‘ಅಣ್ಣಾ, ಸಂಬಳ ಸಾಕು. ಇಲ್ಲಿ ನಾನು ಏನು ಮಾಡಿದರೂ ನೀವು ಇನ್ನೊಂದು ಸಲ ಮಾಡುತ್ತೀರಿ’ ಅಂದ. ಹೋದ. ಇವತ್ತಿಗೂ ಆ ಮಾತು ಚುಚ್ಚುತ್ತದೆ.

ಆಮೇಲೆ ಎರಡು ಕೆಲಸ ಮಾಡಿದೆ. ಮೊದಲನೆಯದು, ದುಡ್ಡಿನ ಗೆರೆ. 15,000 ರೂಪಾಯಿವರೆಗಿನ ಖರೀದಿ, ರಿಪೇರಿ, ಓವರ್‌ಟೈಮ್, ಇದಕ್ಕೆ ನನ್ನನ್ನು ಕೇಳುವಂತಿಲ್ಲ. ಮಾಡಿ, ಶನಿವಾರ ಲೆಕ್ಕ ತೋರಿಸಿ. ಮೊದಲ ತಿಂಗಳು ಎರಡು ತಪ್ಪು ಖರೀದಿ ಆಯಿತು. ಸಹಿಸಿಕೊಂಡೆ. ನನ್ನ ದಿನಕ್ಕೆ ಹೋಲಿಸಿದರೆ ಅದು ಅಗ್ಗ.

ಇನ್ನೊಂದು, ಯಾರು ಬಂದು ‘ಏನು ಮಾಡೋಣ’ ಅಂದರೂ, ‘ನೀವು ಏನು ಮಾಡಬೇಕು ಅಂತಿದ್ದೀರಿ?’ ಅಂತ ಕೇಳಿ ಬಾಯಿ ಮುಚ್ಚಿಕೊಂಡು ಕೂರುವುದು. ಆ ಬಾಯಿ ಮುಚ್ಚಿಕೊಳ್ಳುವುದಿದೆಯಲ್ಲ, ಬೆಳಿಗ್ಗೆ ಐದಕ್ಕೆ ಏಳುವುದಕ್ಕಿಂತ ದೊಡ್ಡ ತಪಸ್ಸು ಅದು. ಹತ್ತರಲ್ಲಿ ಎಂಟು ಸಲ ಅವರ ಉತ್ತರ ಸರಿಯೇ ಇರುತ್ತದೆ.

ಮರಳಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಮುಷ್ಟಿಯಲ್ಲಿರುವ ಜ್ಞಾನವನ್ನು ಗೋಡೆ ಮೇಲೆ ಹಾಕಿ. ಗಂಟೆಗೊಮ್ಮೆ ತೇವದ ಅಳತೆ ತೆಗೆಯಲಿ, ಚಾಕ್‌ನಲ್ಲಿ ಬೋರ್ಡ್ ಮೇಲೆ ಬರೆಯಲಿ. ಇಷ್ಟು ದಾಟಿದರೆ ಲೈನ್ ನಿಲ್ಲಿಸುವ ಅಧಿಕಾರ ಸೂಪರ್‌ವೈಸರ್‌ದು, ನಿಮ್ಮದಲ್ಲ. ನಿಲ್ಲಿಸಿ ಆಮೇಲೆ ಫೋನ್ ಮಾಡಲಿ. ಮತ್ತೆ, ಅವರು ಮೊದಲ ಸಲ ತಪ್ಪಾಗಿ ನಿಲ್ಲಿಸಿದ ದಿನ ನೀವು ಏನು ಅನ್ನುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಆ ದಿನ ಮುಖ ಗಂಟು ಹಾಕಿದಿರೋ, ಬೋರ್ಡ್ ಬರೀ ಅಲಂಕಾರಕ್ಕೆ ಉಳಿಯುತ್ತದೆ.

ಕಬ್ಬಿನ ಗದ್ದೆ

ಮಂಡ್ಯ ಕಡೆ ಹಾಲಿನ ಸಂಘದ ಕಾರ್ಯದರ್ಶಿ ನಾನು. ಬೋರ್ಡ್ ವಿಚಾರಕ್ಕೆ ಒಂದು ಮಾತು. ನಮ್ಮಲ್ಲಿ ದಿನಕ್ಕೆ ಎರಡು ಹೊತ್ತು ಹಾಲು ಬರುತ್ತದೆ. ಹಾಲು ತಂದವರ ಎದುರಿಗೇ ಅಳೆದು, ಫ್ಯಾಟ್ ನೋಡಿ, ಚೀಟಿ ಕೊಟ್ಟರೆ ಜಗಳವೇ ಇಲ್ಲ. ಒಳಗೆ ಕೂತು ನಾನೊಬ್ಬನೇ ನೋಡಿ ಹೇಳಿದರೆ, ಸತ್ಯವೇ ಹೇಳಿದರೂ ಅನುಮಾನ. ಅಂಕಿ ಎಲ್ಲರ ಕಣ್ಣಿಗೆ ಬೀಳಲಿ ಅಕ್ಕಾ.

ಹೊಸಬ

ಪೀಣ್ಯ ಸರ್ ಹೇಳಿದ್ದು ಓದಿ ಮೈ ಜುಂ ಅಂದಿತು. ಆದರೆ ಹೊಣೆ ಹೊರುವುದು, ಬಿಟ್ಟುಕೊಡುವುದು ಒಟ್ಟಿಗೆ ಹೇಗೆ ಆಗುತ್ತದೆ? ನಾನು ನೋಡದ ಕೆಲಸಕ್ಕೆ ನಾನು ಹೊಣೆ ಅಂದರೆ ರಾತ್ರಿ ನಿದ್ದೆ ಬರಬೇಕಲ್ವಾ?

ಲಿಫೀ ದಂಡೆ

ಇದಕ್ಕೆ ಇ. ಶ್ರೀಧರನ್ ಅವರನ್ನು ನೋಡಿ. ಕಾರವಾರ, ಉಡುಪಿ ಕಡೆಯವರಿಗೆ ಕೊಂಕಣ ರೈಲ್ವೆ ತಂದುಕೊಟ್ಟವರು, ಆಮೇಲೆ ದೆಹಲಿ ಮೆಟ್ರೊ ಮುಖ್ಯಸ್ಥರಾಗಿದ್ದವರು. ಯೋಜನೆಗಳಲ್ಲಿ ಗಡುವಿಗೆ ಎಷ್ಟು ದಿನ ಉಳಿದಿದೆ ಅಂತ ತೋರಿಸುವ ಇಳಿಎಣಿಕೆ ಗಡಿಯಾರ ಹಾಕಿಸುತ್ತಿದ್ದರು. ಎಲ್ಲರಿಗೂ ಒಂದೇ ಅಂಕಿ ಕಾಣುತ್ತಿತ್ತು. ಹಾಗಿದ್ದರೂ ಅವರು ರಾತ್ರಿಯೆಲ್ಲ ಆಫೀಸಿನಲ್ಲಿ ಕೂರುವ ಮನುಷ್ಯ ಅಲ್ಲ. ಹೊತ್ತಿಗೆ ಸರಿಯಾಗಿ ಬರುವುದು, ಹೊತ್ತಿಗೆ ಸರಿಯಾಗಿ ಹೋಗುವುದು, ಇದಕ್ಕೇ ಹೆಸರಾದವರು.

2009ರ ಜುಲೈ 12ರಂದು ದೆಹಲಿಯಲ್ಲಿ ಕಟ್ಟುತ್ತಿದ್ದ ಮೆಟ್ರೊ ಸೇತುವೆ ಕುಸಿದು ಕಾರ್ಮಿಕರು ತೀರಿಕೊಂಡರು. ಆ ಕಂಬಕ್ಕೆ ಶ್ರೀಧರನ್ ಕಾಂಕ್ರೀಟ್ ಹಾಕಿರಲಿಲ್ಲ. ಅದೇ ದಿನ ರಾಜೀನಾಮೆ ಕೊಟ್ಟರು. ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಒಪ್ಪಲಿಲ್ಲ, ಮತ್ತೆ ಕೆಲಸಕ್ಕೆ ಬಂದರು. ಎಲ್ಲವನ್ನೂ ನಾನೇ ನೋಡಿದೆ ಅನ್ನುವ ಹೊಣೆ ಬೇರೆ. ನೋಡುವ ಜನರನ್ನು ಆರಿಸಿದ್ದು ನಾನು ಅನ್ನುವ ಹೊಣೆ ಬೇರೆ. ಮೇಲೆ ಹೋದ ಹಾಗೆ ಎರಡನೆಯದೇ ನಿಮ್ಮದು.

ಬಸವನಗುಡಿ

ನಾನು ಒಂದು ಔಷಧ ಕಂಪನಿಯಲ್ಲಿ ಪ್ಲಾಂಟ್ ಹೆಡ್. ಕುಂದಾನಗರಿ, ನೀವು ಹೇಳದೇ ಬಿಟ್ಟ ಒಂದು ಮಾತು ಇದೆ ಅನ್ನಿಸುತ್ತಿದೆ. ಮರಳು ಮುಟ್ಟುವುದನ್ನು ಬಿಟ್ಟರೆ ‘ಇವಳಿಗೆ ಆಫೀಸ್ ಕುರ್ಚಿ ಸಾಕು’ ಅಂತಾರೇನೋ ಅನ್ನುವ ಭಯ. ಫೌಂಡ್ರಿಯಲ್ಲಿ ಹೆಂಗಸು 14 ವರ್ಷ ನಿಂತಿದ್ದಾಳೆ ಅಂದರೆ ಅದು ಕೈಯಲ್ಲಿ ಕೆಲಸ ಇತ್ತು ಅಂತಲೇ. ಅದನ್ನೇ ಬಿಡಿ ಅಂದರೆ ಹೊಟ್ಟೆ ತಳಮಳ ಆಗುವುದು ಸಹಜ. ನನಗೆ ಆಗಿತ್ತು.

ಕಿರಣ್ ಮಜುಂದಾರ್ ಶಾ ಓದಿದ್ದು ಬಿಯರ್ ತಯಾರಿಕೆ, ಆಸ್ಟ್ರೇಲಿಯಾದಲ್ಲಿ. ಇಲ್ಲಿ ಬಂದರೆ ಹೆಂಗಸಿಗೆ ಬ್ರೂವರಿಯಲ್ಲಿ ಆ ಕೆಲಸ ಕೊಡುವವರಿಲ್ಲ. 1978ರಲ್ಲಿ, 25ನೇ ವಯಸ್ಸಿಗೆ, ಐರ್ಲೆಂಡಿನ ಕಾರ್ಕ್‌ನ ಒಂದು ಕಂಪನಿ ಜೊತೆ ಸೇರಿ ಬೆಂಗಳೂರಿನ ಗ್ಯಾರೇಜಿನಲ್ಲಿ 10,000 ರೂಪಾಯಿ ಹಾಕಿ ಬಯೋಕಾನ್ ಶುರು ಮಾಡಿದರು. ಮೊದಲು ಮಾಡಿದ್ದು ಪರಂಗಿ ಹಣ್ಣಿನ ಪಪೇನ್ ಕಿಣ್ವ. ಹುದುಗಿಸುವ ವಿದ್ಯೆ ಕೈಯಲ್ಲಿತ್ತು. ಅದನ್ನು ಬಿಯರಿಗೆ ಕಟ್ಟಿಹಾಕಲಿಲ್ಲ. ಕಿಣ್ವಕ್ಕೆ ತಂದರು, ಆಮೇಲೆ ಇನ್ಸುಲಿನ್‌ವರೆಗೆ ಒಯ್ದರು. 2004ರಲ್ಲಿ ಕಂಪನಿ ಷೇರುಪೇಟೆಗೆ ಬಂತು. ನಿಮ್ಮ ಮುಷ್ಟಿಯ ವಿದ್ಯೆ ಎಲ್ಲಿಗೂ ಹೋಗುವುದಿಲ್ಲ. ಅದನ್ನು ಹೊಸ ಮಶಿನ್ ಆರಿಸುವಾಗ, ಗ್ರಾಹಕರ ಎದುರು ಕೂತಾಗ ಬಳಸಿ. ಅಲ್ಲಿ ನಿಮ್ಮಷ್ಟು ಗೊತ್ತಿರುವವರು ಯಾರಿದ್ದಾರೆ ಹೇಳಿ?

ಕುಂದಾನಗರಿಯವಳು

ಬಸವನಗುಡಿ ಅಕ್ಕಾ, ಹೌದು. ಆ ಭಯ ಇದೆ. ಯಾರಿಗೂ ಹೇಳಿರಲಿಲ್ಲ.

ಇನ್ನೊಂದು ತೊಡಕೂ ಇದೆ. ಮಾಲೀಕರು ಈಗಲೂ ದಿನಾ ಬರುತ್ತಾರೆ. ನಾನು ಬೇಡ ಅಂದದ್ದನ್ನು ಜನ ಹೋಗಿ ಅವರ ಹತ್ತಿರ ಕೇಳುತ್ತಾರೆ. ಅವರು ಪ್ರೀತಿಯಿಂದಲೇ ಹೂಂ ಅಂದುಬಿಡುತ್ತಾರೆ. ನನಗೆ ಅವರ ಮೇಲೆ ಸಿಟ್ಟಿಲ್ಲ. ಕೆಲಸ ಕಲಿಸಿದವರೇ ಅವರು.

ಉಡುಪಿ ರಥಬೀದಿ

ಇದು ಎಲ್ಲ ಕಡೆ ಇರುವ ಕಷ್ಟ. ಇನ್ಫೋಸಿಸ್‌ನಂಥ ಕಂಪನಿಯಲ್ಲಿ ನಾರಾಯಣ ಮೂರ್ತಿ 1981ರಿಂದ 21 ವರ್ಷ ಸಿಇಒ ಆಗಿದ್ದು, 2002ರಲ್ಲಿ ನಂದನ್ ನಿಲೇಕಣಿಯವರಿಗೆ ಬಿಟ್ಟುಕೊಟ್ಟರು. 2013ರಲ್ಲಿ ಮತ್ತೆ ಕಾರ್ಯನಿರ್ವಾಹಕ ಅಧ್ಯಕ್ಷರಾಗಿ ಬಂದು, 2014ರಲ್ಲಿ ಮತ್ತೆ ಬಿಟ್ಟರು. ಕಟ್ಟಿದವರಿಗೆ ಬಿಡುವುದು ಯಾವತ್ತೂ ಒಂದೇ ಸಲಕ್ಕೆ ಮುಗಿಯುವುದಿಲ್ಲ.

ತಂಗಿ, ಅವರನ್ನು ತಪ್ಪಿಸಿಕೊಂಡು ಓಡಾಡಬೇಡಿ. ವಾರಕ್ಕೊಂದು ದಿನ, ಅವರ ಕೋಣೆಯಲ್ಲೇ, ಒಂದು ಗಂಟೆ ಕೂತುಕೊಳ್ಳಿ. ಈ ವಾರ ಯಾವುದಕ್ಕೆ ಬೇಡ ಅಂದೆ, ಯಾಕೆ ಅಂದೆ, ಎಲ್ಲ ಹೇಳಿ. ಆಮೇಲೆ ನೇರವಾಗಿ ಕೇಳಿ, ‘ಸರ್, ಯಾರಾದರೂ ನಿಮ್ಮ ಹತ್ತಿರ ಬಂದರೆ ಮೇಡಂ ಹತ್ತಿರ ಹೋಗಿ ಅನ್ನುತ್ತೀರಾ?’ ಹಾಗೆ ಕೇಳಿದ ಕೂಡಲೇ ಒಪ್ಪಿಕೊಂಡವರನ್ನು ನಾನು ನೋಡಿದ್ದೇನೆ. ಅಷ್ಟು ದಿನ ಯಾರೂ ಅವರನ್ನು ಕೇಳಿರಲಿಲ್ಲ, ಅಷ್ಟೇ.

ಪಿಗ್ಮಿ ಏಜೆಂಟ್ ಸಿಕ್ಕರಾ?

ಕುಂದಾನಗರಿಯವಳು

ಐದು ವಾರ ಆಯಿತು. ಬರೆಯುತ್ತೇನೆ ಅಂದಿದ್ದೆ, ಬರೆಯುತ್ತಿದ್ದೇನೆ.

ಏಜೆಂಟ್ ಸಿಕ್ಕರು. ನಮ್ಮ ಸ್ಟೋರ್ಸ್ ನೋಡಿಕೊಳ್ಳುವ ಹಿರಿಯರು. ದಿನಾ ಐದಕ್ಕೆ ಬಾಗಿಲಲ್ಲಿ ನಿಲ್ಲುತ್ತಾರೆ. ಮೊದಲ ವಾರ ಹೇಳಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ಈಗ ಅವರು ಬರುತ್ತಾರೆ ಅನ್ನುವ ಕಾರಣಕ್ಕೇ ಮೂರರಿಂದ ನಾಲ್ಕು ಗಂಟೆ ಫೋನ್ ಆಫ್ ಮಾಡಿ ಕೂರುತ್ತೇನೆ. ಹೊಸ ಮಶಿನ್‌ಗೆ ಎರಡು ಕಡೆಯಿಂದ ಕೊಟೇಷನ್ ತರಿಸಿದ್ದೇನೆ. ದೊಡ್ಡ ಗ್ರಾಹಕರೊಬ್ಬರನ್ನು ನೋಡಲು ಕೊಲ್ಹಾಪುರಕ್ಕೆ ಹೋಗಿ ಬಂದೆ. ಸಿಇಒ ಆದಮೇಲೆ ಅದೇ ಮೊದಲು.

ಫೋನ್ ಲೆಕ್ಕ ಬರೆದೆ. ಬಹುಪಾಲು ಕರೆಗಳು ಸಣ್ಣ ಖರೀದಿ, ರಜೆ, ಗೇಟ್ ಪಾಸ್. ತುಂಗಾ ತೀರ ಅಣ್ಣ ಹೇಳಿದ ಹಾಗೆ 20,000ಕ್ಕೆ ಗೆರೆ ಎಳೆದೆ. ಮಾಲೀಕರ ಹತ್ತಿರ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀನು ಹೇಳುವುದನ್ನೇ ಕಾಯುತ್ತಿದ್ದೆ’ ಅಂದರು. ಆದರೂ ಕಳೆದ ವಾರ ಒಬ್ಬರಿಗೆ ಮುಂಗಡ ಕೊಡಿಸಿದ್ದಾರೆ. ಮತ್ತೆ ಮಾತಾಡಬೇಕು.

ರಿಜೆಕ್ಷನ್ ಇನ್ನೂ ಇಳಿದಿಲ್ಲ. ಇಳಿದಿದೆ ಅಂತ ಸುಳ್ಳು ಹೇಳಲಾರೆ.

ಶನಿವಾರ ಜೋರು ಮಳೆ. ನಾನು ಕ್ಯಾಬಿನ್‌ನಲ್ಲಿದ್ದೆ. ಹನ್ನೊಂದೂವರೆಗೆ ಮೋಲ್ಡಿಂಗ್ ಲೈನಿನ ಸದ್ದು ನಿಂತಿತು. ಕಾಲು ತಾನಾಗಿ ಎದ್ದಿತು, ಬಾಗಿಲವರೆಗೆ ಹೋದೆ. ಅಷ್ಟರಲ್ಲಿ ಫೋನ್ ಬಂತು. ‘ಮೇಡಂ, ತೇವ ದಾಟಿದೆ. ಲೈನ್ ನಿಲ್ಲಿಸಿದ್ದೇನೆ. ಒಣ ಮರಳು ಸೇರಿಸಿ 40 ನಿಮಿಷದಲ್ಲಿ ಶುರು ಮಾಡುತ್ತೇವೆ.’ ಸರಿ ಅಂದೆ. ಬಂದು ನೋಡಲಾ ಅಂತ ಬಾಯಿತುದಿಗೆ ಬಂದಿತ್ತು. ನುಂಗಿಕೊಂಡು ಕುರ್ಚಿಗೆ ವಾಪಸ್ ಹೋದೆ. 35 ನಿಮಿಷಕ್ಕೆ ಸದ್ದು ಮತ್ತೆ ಶುರುವಾಯಿತು.